ಹನ್ನೊಂದು ದಿನದ ಲೆಕ್ಕ

ನಮ್ಮ ಮನೆಯಲ್ಲಿ ವರ್ಷಕ್ಕೊಂದು ಕರಾರು ಆಗುತ್ತಿತ್ತು. ಯುಗಾದಿಯ ಹಿಂದುಮುಂದಿನ ಒಂದು ಸಂಜೆ, ಕಮಲಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಅಪ್ಪ ಕೂಡುತ್ತಿದ್ದ, ಕೆಳಗಿನ ಮೆಟ್ಟಿಲ ಮೇಲೆ ವರ್ಷದ ಆಳು. ನಾವು ಹುಡುಗರು ಅವನಿಗೆ ಕಾಕಾ ಅನ್ನುತ್ತಿದ್ದೆವು. ಸಾಕ್ಷಿಗೆ ಓಣಿಯ ಇಬ್ಬರು ಹಿರಿಯರು ಬರುವರು, ಅವ್ವ ಎಲ್ಲರಿಗೂ ಚಹಾ ತರುವಳು. ವರ್ಷದ ಸಂಬಳ ಇಷ್ಟು, ಜೋಳ ಇಷ್ಟು ಚೀಲ, ಒಂದು ಕಂಬಳಿ, ಒಂದು ಜೋಡು ಚಪ್ಪಲಿ, ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಎರಡು ದಿನ ಬಿಡುವು. ಇದೆಲ್ಲ ಮುಗಿದ ಮೇಲೆ ಅಪ್ಪ ತಪ್ಪದೆ ಒಂದು ಮಾತು ಕೇಳುತ್ತಿದ್ದ: “ನಡುವ ಬಿಟ್ಟ್ರ ಏನು? ಅದೂ ಈಗೇ ಹೇಳಿಬಿಡು.”

ಕಾಕಾ ತಲೆ ಕೆರೆದುಕೊಂಡು ನಗುತ್ತಿದ್ದ. “ಬಿಟ್ಟು ಎಲ್ಲಿಗಿ ಹೋಗ್ಲಿರಿ ಧಣಿ?” ಅಪ್ಪ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ವಹಿ ತೆಗೆದು, ತೀರ್ಮಾನವಾದದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಮುಚ್ಚಿಬಿಡುತ್ತಿದ್ದ. ವಹಿ ಒಂದೇ. ಅದು ಇದ್ದದ್ದು ನಮ್ಮ ಸಂದೂಕಿನಲ್ಲಿ.

ನಮ್ಮೂರ ಕೆಂಪು ಬಾಳೆ ಅವಸರದ ಬೆಳೆಯಲ್ಲ. ಗಿಡ ಹಚ್ಚಿ 16ರಿಂದ 18 ತಿಂಗಳು ಕಾದರೇನೇ ಗೊನೆ. ಹಾಗಾಗಿ ಒಂದು ಕರಾರಿನಲ್ಲಿ ಹಚ್ಚಿದ ಗಿಡದ ಗೊನೆ ಕಡಿಯುವುದು ಮುಂದಿನ ಕರಾರಿನಲ್ಲಿ. ಕಾಕಾ ಹೀಗೆ ಒಂದರ ಹಿಂದೊಂದು ಕರಾರು ಮಾಡುತ್ತ ನಮ್ಮ ತೋಟದಲ್ಲೇ ಮುದುಕನಾದ.

ನಾನು ಕಟ್ಟೆಯ ಮೇಲೆ ಅಪ್ಪನ ತೊಡೆಗೆ ಒರಗಿ ಕೂತು ಕರಾರು ನೋಡಿ ಬೆಳೆದವನು. ಮೆಟ್ಟಿಲ ಮೇಲೆ ಕೂತವನಿಗೆ ಅದು ಹೇಗೆ ಕಾಣುತ್ತದೆ ಅನ್ನುವುದು ಗೊತ್ತಾಗಲಿಕ್ಕೆ ಸಮುದ್ರ ದಾಟಬೇಕಾಯಿತು.

*

2004ರ ಜೂನ್‌ನಲ್ಲಿ ನಾನು ಕಲಬುರಗಿಯ ಒಂದು ಖಾಸಗಿ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಸೇರಿದೆ. ತಿಂಗಳಿಗೆ 6,000 ರೂಪಾಯಿ ಅನ್ನುವುದು ಬಾಯಿಮಾತಿನಲ್ಲೇ ಆಯಿತು. ನೇಮಕಾತಿ ಪತ್ರ ಕೇಳುವ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅದರ ಬದಲು ಅವರೇ ನಮ್ಮಿಂದ ಕಾಗದ ಇಸಿದುಕೊಂಡರು: ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ಮೂಲ ಅಂಕಪಟ್ಟಿಗಳು. “ಇಲ್ಲೇ ಇರ್ಲಿ ಸರ, ಸೇಫ್ ಇರ್ತಾವ” ಅಂದರು ಆಫೀಸಿನವರು. ಸೇಫ್ ಆಗಿಯೇ ಇದ್ದವು. ಬಿಡುತ್ತೇನೆಂದಾಗ ಅವನ್ನು ವಾಪಸ್ ಪಡೆಯಲು ನನಗೆ ಎರಡು ತಿಂಗಳು ಹಿಡಿಯಿತು. ಸಹಿ ಮಾಡದ ಕರಾರಿಗೂ ಕಲಮುಗಳಿರುತ್ತವೆ, ಅವು ಬೀರುವಿನೊಳಗೆ ಇರುತ್ತವೆ ಅಷ್ಟೇ.

ಬಿಡಲು ಕಾರಣ ಒಂದು ಪೇಪರ್ ಜಾಹೀರಾತು. ಮಾಲ್ಡೀವ್ಸ್‌ಗೆ ಗಣಿತ, ಇಂಗ್ಲಿಷ್, ವಿಜ್ಞಾನದ ಶಿಕ್ಷಕರು ಬೇಕಾಗಿದ್ದಾರೆ. ಆ ದೇಶ 1960ರ ದಶಕದಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತಂದಾಗಿನಿಂದ ಭಾರತ, ಶ್ರೀಲಂಕಾದ ಮೇಷ್ಟ್ರುಗಳಿಗೆ ಅಲ್ಲಿ ಬೇಡಿಕೆ. ಕೇರಳದವರಿಗೆ ಇದು ಹಳೆಯ ದಾರಿ, ನಮ್ಮ ಕಡೆಯವರಿಗೆ ಹೊಸದು. ಬೆಂಗಳೂರಿನ ಒಂದು ಲಾಡ್ಜಿನ ಕೋಣೆಯಲ್ಲಿ ಏಜೆಂಟನ ಸಂದರ್ಶನ ನಡೆಯಿತು. ಭಿನ್ನರಾಶಿ ಹೇಗೆ ಕಲಿಸುತ್ತೀರಿ ಅಂತ ಕೇಳಿದ, ಐದೇ ನಿಮಿಷ. ಆಮೇಲೆ ಅರ್ಧ ಗಂಟೆ ಹಣದ ಮಾತು. ಸಂಬಳ ತಿಂಗಳಿಗೆ 32,000 ರೂಪಾಯಿ, ಅವನ ಫೀಜು 60,000. ಆ ಸಂಬಳ ನನ್ನ ಆಗಿನದರ ಐದು ಪಟ್ಟಿಗಿಂತ ಹೆಚ್ಚು! ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಮೇಲೆ ಕಲಬುರಗಿಯಲ್ಲಿ ಕೈಗಡ ಎತ್ತಿದೆ.

ಅವನು ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟನೇ ಅಂತ ನಾನು ವಿಚಾರಿಸಲಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಆಳು ಹುಡುಕಿಕೊಡುವವನು ನೋಂದಣಿ ಮಾಡಿಸಿರಲೇಬೇಕು, ಅವನು ತೆಗೆದುಕೊಳ್ಳುವ ಫೀಜಿಗೂ ಮಿತಿಯಿದೆ ಅನ್ನುವುದು ನನಗೆ ತಿಳಿದದ್ದು ಹಣ ಕೊಟ್ಟು ಎಷ್ಟೋ ದಿನಗಳಾದ ಮೇಲೆ.

ಕರಾರು ಪತ್ರ ಇಮೇಲಿನಲ್ಲಿ ಬಂತು. ಸೂಪರ್ ಮಾರ್ಕೆಟ್ ಹತ್ತಿರದ ನೆಟ್ ಸೆಂಟರಿನಲ್ಲಿ ಪುಟಕ್ಕೆ ಐದು ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸಿದೆ. ಏಳು ಪುಟ. ಮೊದಲ ಪುಟದಲ್ಲಿ ನನ್ನ ಹೆಸರು, ಪಾಸ್‌ಪೋರ್ಟ್ ನಂಬರು, ಸಂಬಳ. ಏಳನೆಯದರಲ್ಲಿ ಸಹಿಯ ಜಾಗ. ನಡುವಿನ ಐದು ಪುಟಗಳನ್ನು ಕೈಯಲ್ಲಿ ಹಾಗೇ ಹಿಡಿದು, ಅಂಗಡಿಯ ಹುಡುಗನ ಪೆನ್ನು ಇಸಿದುಕೊಂಡು ನಿಂತಲ್ಲೇ ಸಹಿ ಹಾಕಿದೆ. ಸಹಿಗೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಸ್ಕ್ಯಾನ್ ಮಾಡಲು ಹಿಡಿಯಿತು.

ಆ ಸಂಜೆ ಹುಮನಾಬಾದ್ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಕಾಗದಗಳನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷ್ ಬಾರದಿದ್ದರೂ, ಒಂದೊಂದೇ ಪುಟ ತಿರುವಿದ.

“ಜಡ್ಡು ಬಿದ್ರ ಏನಂತ ಬರದಾರ?”

“ನೋಡಿಲ್ಲಪಾ.”

“ನಡುವ ಬಿಟ್ಟು ಬಂದ್ರ?”

“ಯಾಕ ಬಿಟ್ಟು ಬರ್ಲಿ?”

ಕಾಕಾ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟಿದ್ದೆ. ಅದು ನನಗೆ ಆಗ ಹೊಳೆಯಲಿಲ್ಲ. ಅಪ್ಪ ಮೂರನೆಯ ಪ್ರಶ್ನೆ ಕೇಳಿದ: “ರೊಕ್ಕ ಹಾಲಿಯೋ, ಕಲ್ದಾರೋ?”

ನಾನು ನಕ್ಕುಬಿಟ್ಟೆ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಹಾಲಿ ಸಿಕ್ಕಾ. ಬ್ರಿಟಿಷರ ರೂಪಾಯಿಗೆ ನಮ್ಮ ಕಡೆ ಕಲ್ದಾರ ಅನ್ನುತ್ತಿದ್ದರು. ಆರು ಕಲ್ದಾರಕ್ಕೆ ಏಳು ಹಾಲಿ. ಸೊಲ್ಲಾಪುರದ ವ್ಯಾಪಾರಿಯ ಜೊತೆ ಮಾತಾಡುವಾಗ ನೂರು ಅಂದರೆ ಯಾವ ನೂರು ಅಂತ ಮೊದಲು ಕೇಳದವನು ಮನೆಗೆ ಬರುವಷ್ಟರಲ್ಲಿ ಹದಿನಾಲ್ಕು ಕಳೆದುಕೊಂಡಿರುತ್ತಿದ್ದ. 1948ರ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಅಪ್ಪ ಸಣ್ಣ ಹುಡುಗ, ಆದರೂ ಆ ಪ್ರಶ್ನೆ ಅವನ ನಾಲಗೆಯಲ್ಲಿ ಉಳಿದಿತ್ತು. ಈ ಕಾಲಕ್ಕೆ ಯಾವ ಹಾಲಿ, ಯಾವ ಕಲ್ದಾರ ಅಂತ ನಾನು ಕಾಗದ ಮಡಚಿ ಬ್ಯಾಗಿಗೆ ಹಾಕಿದೆ.

*

2010ರ ಫೆಬ್ರವರಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ತಿರುವನಂತಪುರಕ್ಕೆ ಹೋಗುವ ರೈಲು. ಅದರ ಹೆಸರೇ ಐಲ್ಯಾಂಡ್ ಎಕ್ಸ್‌ಪ್ರೆಸ್. ತಿರುವನಂತಪುರದಿಂದ ರಾಜಧಾನಿ ಮಾಲೆಗೆ ವಿಮಾನ, ಮಾಲೆಯಿಂದ ಇಡೀ ರಾತ್ರಿ ಧೋನಿ ಅನ್ನುವ ದೋಣಿಯಲ್ಲಿ. ಬೆಳಗಾದಾಗ ಕಂಡದ್ದು ಒಂದು ಕಿಲೋಮೀಟರೂ ಉದ್ದವಿಲ್ಲದ ನಡುಗಡ್ಡೆ. ಸುತ್ತ ಎತ್ತ ನೋಡಿದರೂ ನೀರು. ಬಾವಿಯ ನೀರನ್ನು ಕೊಡಗಟ್ಟಲೆ ಎಣಿಸಿ ಬಳಸಿದ ನಮ್ಮ ಸೀಮೆಯವನಿಗೆ ಅದೇ ಮೊದಲ ಗಾಬರಿ.

ಮೂರನೆಯ ವಾರ ಮಳೆ ಹಿಡಿದು ಧೋನಿ ಬಾರದೆ ತರಕಾರಿ ತೀರಿತು. ದಿನಾ ರೊಶಿ ಮತ್ತು ಮೀನು. ರೊಶಿ ಅಂದರೆ ಮೈದಾದ ತೆಳು ರೊಟ್ಟಿ. ರೊಟ್ಟಿಯ ಹೆಸರಿಗೆ ಹತ್ತಿರ, ಜೋಳದ ರೊಟ್ಟಿಗೆ ಬಲು ದೂರ. ಮೀನು ತಿನ್ನದ ನಾನು ಶೇಂಗಾ ಹಿಂಡಿಯ ಡಬ್ಬಿಯ ತಳ ಕೆರೆಯುತ್ತಿದ್ದ ಒಂದು ರಾತ್ರಿ, ಓಡಿಹೋಗುವುದೆಂದು ನಿಶ್ಚಯಿಸಿ, ಅಪ್ಪನ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಕರಾರು ಬಿಚ್ಚಿದೆ.

ಅದು ನನ್ನ ಮೊದಲ ಓದು. ಐದನೆಯ ಪುಟದಲ್ಲಿತ್ತು ಉತ್ತರ. ವರ್ಷ ತುಂಬುವ ಮೊದಲು ನಾನಾಗಿ ಬಿಟ್ಟರೆ ಬರುವಾಗಿನ ವಿಮಾನದ ಹಣ ನಾನೇ ತುಂಬಿಕೊಡಬೇಕು, ಹೋಗುವ ಟಿಕೆಟ್ಟೂ ನನ್ನದೇ. ಪ್ರೊಬೇಷನ್ ಮೂರು ತಿಂಗಳು, ಆ ಅವಧಿಯಲ್ಲಿ ಯಾರು ಯಾರನ್ನಾದರೂ ನೋಟಿಸಿಲ್ಲದೆ ಬಿಡಬಹುದು. ಪುಟ ತಿರುವಿ ಹಿಂದೆ ಬಂದೆ. ಬಾಡಿಗೆ ಭತ್ಯೆ ಇತ್ತು, ಕೋಣೆ ಹುಡುಕುವುದು ಮಾತ್ರ ನನ್ನ ಪಾಡು. ನಾನು ತಿಳಿದುಕೊಂಡದ್ದು ಮನೆ ಕೊಡುತ್ತಾರೆಂದು. ಕೊನೆಗೆ ಮೊದಲ ಪುಟಕ್ಕೆ ಬಂದೆ. ಸಂಬಳ 9,000. ಎದುರಿಗೆ ರೂಪಾಯಿ ಅಂತ ಇರಲಿಲ್ಲ, ಡಾಲರ್ ಅಂತಲೂ ಇರಲಿಲ್ಲ. ರೂಫಿಯಾ ಅಂತಿತ್ತು.

ಏಜೆಂಟ್ ಹೇಳಿದ 32,000 ಕರಾರಿನ ಯಾವ ಪುಟದಲ್ಲೂ ಇರಲಿಲ್ಲ. ಅದು ಅವನು ಮಾಡಿದ ಗುಣಾಕಾರ. ಆಗ ಒಂದು ರೂಫಿಯಾಕ್ಕೆ ಸುಮಾರು ಮೂರೂವರೆ ರೂಪಾಯಿ, ಹಾಗಾಗಿ ಲೆಕ್ಕ ತೀರಾ ಸುಳ್ಳೂ ಆಗಿರಲಿಲ್ಲ. ಡಾಲರಿಗೆ 12.85 ರೂಫಿಯಾ ಅಂತ ಅಲ್ಲಿನ ಸರ್ಕಾರ ಕಟ್ಟಿಹಾಕಿದ ದರ ವರ್ಷಗಳಿಂದ ಅಲುಗಾಡಿರಲಿಲ್ಲ. ಬಾವಿಗೆ ಕಟ್ಟೆಯಿದೆ ಅಂತ ನಾನು ನಿಶ್ಚಿಂತನಾದೆ.

2011ರ ಏಪ್ರಿಲ್‌ನಲ್ಲಿ ಆ ಕಟ್ಟೆ ಒಡೆಯಿತು. ದರವನ್ನು ಹಿಂದಿನದಕ್ಕಿಂತ ಶೇಕಡಾ 20ರಷ್ಟು ಮೇಲೆ ಕೆಳಗೆ ಆಡಲು ಬಿಟ್ಟರು. ಅದು ನೇರ ಮೇಲಿನ ತುದಿಗೆ, ಅಂದರೆ ಡಾಲರಿಗೆ 15.42 ರೂಫಿಯಾಕ್ಕೆ ಹೋಗಿ ನಿಂತಿತು. ನನ್ನ ಕರಾರಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ, ಸಂಬಳ 9,000 ರೂಫಿಯಾವೇ. ಆದರೆ ಊರಿಗೆ ಕಳಿಸುವಾಗ 31,500 ಆಗುತ್ತಿದ್ದದ್ದು 26,000ದ ಆಸುಪಾಸಿಗೆ ಇಳಿಯಿತು. ಕಲಬುರಗಿಯ ಬಡ್ಡಿ ಮಾತ್ರ ಇಳಿಯಲಿಲ್ಲ. ಅದೇ ವರ್ಷದ ಕೊನೆಗೆ ನಮ್ಮ ರೂಪಾಯಿಯೇ ಡಾಲರಿಗೆ 53 ದಾಟಿ ಕುಸಿದಾಗ ನನ್ನ ನಷ್ಟ ಬಹುಪಾಲು ತುಂಬಿಬಂತು. ದೇಶದ ರೂಪಾಯಿ ಬಿದ್ದದ್ದಕ್ಕೆ ಖುಷಿಪಟ್ಟ ಆ ಡಿಸೆಂಬರನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರೊಕ್ಕ ಹಾಲಿಯೋ ಕಲ್ದಾರೋ! ಹಣ ಕಳಿಸಿದ ಚೀಟಿ ಕೈಯಲ್ಲಿ ಹಿಡಿದಾಗಲೆಲ್ಲ ಅಪ್ಪನ ಮಾತು ಕಿವಿಗೆ ಬಡಿಯುತ್ತಿತ್ತು.

*

2011ರ ಜುಲೈನಲ್ಲಿ ತಮ್ಮನ ಫೋನು. ಅಪ್ಪನ ಬಲಗೈಗೆ ಲಕ್ವಾ ಹೊಡೆದಿದೆ, ಕಲಬುರಗಿಯ ದವಾಖಾನೆಯಲ್ಲಿದ್ದಾನೆ.

ಅಷ್ಟರಲ್ಲಿ ನನಗೆ ಕರಾರು ಬಾಯಿಪಾಠವಾಗಿತ್ತು. ಅದೇ ನನ್ನನ್ನು ಕಟ್ಟಿಹಾಕಿತು. ವಾರ್ಷಿಕ ರಜೆ ಶಾಲೆಯ ರಜೆಯಲ್ಲೇ ತೆಗೆದುಕೊಳ್ಳಬೇಕು ಅಂತಿತ್ತು. ಅನಾರೋಗ್ಯದ ರಜೆ ನನ್ನ ಅನಾರೋಗ್ಯಕ್ಕೆ. ತಂದೆಯ ಕಾಯಿಲೆಗೆ ಅಂತ ಏಳು ಪುಟದಲ್ಲಿ ಒಂದು ಸಾಲೂ ಇರಲಿಲ್ಲ. ಸಂಬಳವಿಲ್ಲದ ರಜೆಗೆ ಅರ್ಜಿ ಬರೆಯುತ್ತ ಕೂತಿದ್ದೆ. ಪಕ್ಕದ ಕೋಣೆಯಲ್ಲಿ ಕೊಲ್ಲಂ ಕಡೆಯ ಒಬ್ಬ ಹಿರಿಯ ಮೇಷ್ಟ್ರಿದ್ದರು. ಅರ್ಜಿ ನೋಡಿ, ಕರಾರು ಓದಿದ್ದೀಯಲ್ಲ, ಕಾಯ್ದೆ ಓದಿದ್ದೀಯಾ ಅಂತ ಕೇಳಿದರು. ತಮ್ಮ ಟ್ರಂಕಿನಿಂದ ಮಾಲ್ಡೀವ್ಸ್‌ನ 2008ರ ಉದ್ಯೋಗ ಕಾಯ್ದೆಯ ಇಂಗ್ಲಿಷ್ ಪ್ರತಿ ತೆಗೆದರು. ಅಂಚೆಲ್ಲ ಮಡಚಿ ಹಣ್ಣಾದ ಹಾಳೆಗಳು, ಬೇಕಾದ ಕಡೆ ಹಸಿರು ಇಂಕಿನ ಗೆರೆ.

ಪ್ರೊಬೇಷನ್ ಮೂರು ತಿಂಗಳಿಗಿಂತ ಹೆಚ್ಚಿರಬಾರದು ಅನ್ನುವುದು ಅಲ್ಲಿತ್ತು. ವರ್ಷ ಸೇವೆ ಮಾಡಿದವನಿಗೆ 30 ದಿನದ ಸಂಬಳಸಹಿತ ರಜೆ, ಅನಾರೋಗ್ಯಕ್ಕೆ ವರ್ಷಕ್ಕೆ 30 ದಿನ ಅನ್ನುವುದಿತ್ತು. ಅದರ ಕೆಳಗೆ, ಮನೆಯವರ ಆರೈಕೆಯಂಥ ಕುಟುಂಬದ ಜವಾಬ್ದಾರಿಗೆ ವರ್ಷಕ್ಕೆ 10 ದಿನ, ಸಂಬಳ ಸಹಿತ. ಕರಾರಿನಲ್ಲಿ ಬರೆಯದಿದ್ದರೂ ಅದು ನನ್ನದೇ. ಕಾಯ್ದೆ ಕೊಟ್ಟದ್ದನ್ನು ಕರಾರು ಕಸಿಯಲಾರದು ಅಂದರು ಮೇಷ್ಟ್ರು. ಅರ್ಜಿ ಹರಿದು ಹೊಸದಾಗಿ ಬರೆದೆ. ಮರುದಿನ ಮಂಜೂರಾಯಿತು. ಯಾರೂ ನನ್ನ ಕೂಡ ವಾದ ಮಾಡಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ ಆಗಿದ್ದು.

ಹತ್ತು ದಿನದಲ್ಲಿ ಆರು ಹಾದಿಗೇ ಹೋದವು. ಧೋನಿ, ವಿಮಾನ, ಎರಡು ರೈಲು, ಕೊನೆಗೆ ಕಮಲಾಪುರದ ಬಸ್ಸು. ನಾನು ಮುಟ್ಟುವಷ್ಟರಲ್ಲಿ ಅಪ್ಪ ಮನೆಗೆ ಬಂದಿದ್ದ. ಕಟ್ಟೆಯ ಮೇಲೆ ಕೌದಿ ಹಾಸಿ ಕೂಡಿಸಿದ್ದರು. ನೋಡಿದವನೇ ಕೇಳಿದ: “ಎಷ್ಟ್ ದಿನ ಕೊಟ್ಟಾರ? ಪಗಾರ ಹಿಡೀತಾರೇನು?”

“ಇಲ್ಲಪಾ. ಕಾಯ್ದಾದಾಗೇ ಅದ, ಹತ್ತ್ ದಿನ.”

ಅಪ್ಪ ಏನೂ ಅನ್ನಲಿಲ್ಲ.

ಮೂರನೆಯ ದಿನ ಸಂದೂಕಿನಿಂದ ವಹಿ ತರಿಸಿದ. ಕೈ ಓಡದ್ದರಿಂದ ಆ ವರ್ಷದ ತೋಟದ ಲೆಕ್ಕ ಬಾಕಿಯಿತ್ತು. ಅವನು ಹೇಳಿದಂತೆ ನಾನು ಬರೆದೆ: ಗೊನೆ ಎಷ್ಟು ಹೋದವು, ಗೊಬ್ಬರಕ್ಕೆ ಎಷ್ಟು, ಕೂಲಿ ಎಷ್ಟು. ಬರೆದಾದ ಮೇಲೆ ಸುಮ್ಮನೆ ಹಿಂದಿನ ಹಾಳೆಗಳನ್ನು ತಿರುವುತ್ತ ಹೋದೆ. ಕಾಕಾನ ಪುಟಗಳು ಸಿಕ್ಕವು. ಒಂದೊಂದು ಯುಗಾದಿಗೆ ಒಂದೊಂದು ಪುಟ, ಅಪ್ಪನ ಒತ್ತಕ್ಷರ. ಕಂಬಳಿ ಕೊಟ್ಟದ್ದು, ಚಪ್ಪಲಿ ಕೊಟ್ಟದ್ದು, ಮಗಳ ಮದುವೆಗೆ ಮುಂಗಡ. 1988ರ ಪುಟದ ಕೆಳಗೆ ಒಂದು ಸಾಲು: “ತಾಯಿ ತೀರಿದ್ದು. ಬಾರದ ದಿನ 11. ಕಡಿತ.”

ಆ ಸಾವು ನನಗೆ ನೆನಪಿತ್ತು. ಅಪ್ಪ ಮಣ್ಣಿಗೆ ಹೋಗಿ ಬಂದಿದ್ದ, ಅವ್ವ ಅವರ ಮನೆಗೆ ರೊಟ್ಟಿಯ ಗಂಟು ಕಳಿಸಿದ್ದಳು. ಧಣಿ ಮನಿಯವರು ಎಷ್ಟು ಒಳ್ಳೆಯವರು ಅಂತ ಓಣಿಯೆಲ್ಲ ಆಡಿಕೊಂಡಿತ್ತು. ನಾನೂ ಹಾಗೇ ನಂಬಿದ್ದೆ. ಯುಗಾದಿಯ ಆ ಸಂಜೆಯ ಕರಾರಿನಷ್ಟು ನೇರವಾದದ್ದು ಇನ್ನೊಂದಿಲ್ಲ, ಎಲ್ಲ ಮಾತೂ ಮುಂಚೆಯೇ ಆಡಿ ಮುಗಿಸುತ್ತಿದ್ದರು ಅಂತ ನಡುಗಡ್ಡೆಯಲ್ಲಿ ಕೂತು ಎಷ್ಟೋ ಸಲ ಅಂದುಕೊಂಡಿದ್ದೆ. ಆದರೆ ಆ ಸಂಜೆ ಪ್ರಶ್ನೆ ಕೇಳುತ್ತಿದ್ದವನು ಅಪ್ಪನೊಬ್ಬನೇ. ಜಡ್ಡು ಬಿದ್ದರೆ ಏನು, ಸಾವಾದರೆ ಏನು ಅಂತ ಮೆಟ್ಟಿಲ ಮೇಲೆ ಕೂತವನು ಕೇಳಿದ್ದು ನಾನು ನೋಡಿರಲಿಲ್ಲ. ಅವನಿಗೆ ವಹಿ ಓದಲು ಬರುತ್ತಿರಲಿಲ್ಲ, ಅವನ ಹತ್ತಿರ ಅದರ ಪ್ರತಿಯೂ ಇರಲಿಲ್ಲ.

ವಹಿಯನ್ನು ಅಪ್ಪನ ಮುಂದೆ ಹಿಡಿದು ಆ ಸಾಲು ತೋರಿಸಿದೆ. ಬಹಳ ಹೊತ್ತು ನೋಡಿದ.

“ಅಂವ ಕೇಳ್ಲಿಲ್ಲ, ನಾ ಕೊಡ್ಲಿಲ್ಲ” ಅಂದ.

ಅದರಲ್ಲಿ ತಪ್ಪೊಪ್ಪಿಗೆ ಇತ್ತೋ, ಬರೀ ಲೆಕ್ಕ ಹೇಳಿದನೋ, ನನಗೆ ಇವತ್ತಿಗೂ ಹೇಳಲು ಬಾರದು. ಕಾಕಾ ಹಿಂದಿನ ವರ್ಷವೇ ತೀರಿಕೊಂಡಿದ್ದ.

*

2012ರ ಕೊನೆಗೆ ಎರಡನೆಯ ಕರಾರು ಮುಗಿಸಿ ಬಂದೆ. ಎರಡನೆಯದನ್ನು ಸಹಿಗೆ ಮುಂಚೆ ಮೂರು ದಿನ ಇಟ್ಟುಕೊಂಡು ಓದಿದ್ದೆ, ಹಿಂದಿನ ಪುಟದಿಂದ ಮುಂದಕ್ಕೆ. ಈಗ ಕಲಬುರಗಿಯಲ್ಲೇ ಪಾಠ ಹೇಳುತ್ತೇನೆ. ಹೊರದೇಶಕ್ಕೆ ಹೊರಟ ಬಿ.ಎಡ್. ಹುಡುಗ ಹುಡುಗಿಯರು ಆಗಾಗ ಕರಾರು ಹಿಡಿದು ಬರುತ್ತಾರೆ. ಈಗ ಅದು ಕಾಗದದಲ್ಲಿರುವುದಿಲ್ಲ, ಫೋನಿನಲ್ಲಿರುತ್ತದೆ. ಬೆರಳಿನಿಂದ ಸರ್ರನೆ ಸರಿಸಿ ಸಂಬಳದ ಸಾಲಿಗೆ ನಿಲ್ಲುತ್ತಾರೆ. ಫೋನು ಇಸಿದುಕೊಂಡು ನಾನು ತಳಕ್ಕೆ ಹೋಗುತ್ತೇನೆ.

ಬಿಡುವ ಮಾತು ಮೊದಲು. ನೋಟಿಸು ಎಷ್ಟು ದಿನ, ಬಿಟ್ಟರೆ ಯಾವ ಹಣ ತುಂಬಿಕೊಡಬೇಕು, ವಾಪಸ್ ಟಿಕೆಟ್ ಯಾರದು? ಆಮೇಲೆ ರೊಕ್ಕ: ಯಾವ ದೇಶದ್ದು, ದರ ಬಿದ್ದರೆ ಯಾರ ತಲೆಗೆ? ಕೆಲಸ ಕೊಡುವವನು ಶಾಲೆಯೋ, ಇಲಾಖೆಯೋ, ನಡುವಿನ ಕಂಪನಿಯೋ? ಮನೆ ಅಂದರೆ ಮನೆಯೋ, ಭತ್ಯೆಯೋ? ಕರಾರು ಎರಡು ಭಾಷೆಯಲ್ಲಿದ್ದರೆ ಜಗಳ ಬಂದಾಗ ನಿಲ್ಲುವುದು ಯಾವ ಭಾಷೆಯದು? ಅಲ್ಲಿನ ಉದ್ಯೋಗ ಕಾಯ್ದೆ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ, ಅದನ್ನು ಪಕ್ಕಕ್ಕಿಟ್ಟುಕೊಂಡು ಓದಿ. ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಇದೆಯೇ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಫೀಜಿನ ಮಿತಿ ಈಗ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಮೂಲ ಅಂಕಪಟ್ಟಿಯನ್ನು ತೋರಿಸಿ, ಕೊಡಬೇಡಿ. ಸಹಿಯಾದ ಕರಾರಿನ ಒಂದು ಪ್ರತಿ ಊರಿನ ಸಂದೂಕಿನಲ್ಲಿರಲಿ.

ಇಷ್ಟೆಲ್ಲ ಹೇಳುವ ನಾನು ನನ್ನದೇ ಊರಿನ ಕರಾರನ್ನು ಓದಿರಲಿಲ್ಲ. 2022ರ ಆಗಸ್ಟ್ ಕೊನೆಗೆ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. 1972ರ ಗ್ರಾಚ್ಯುಯಿಟಿ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿ ಸರಿಯಾಗಿದೆ, 1997ರ ಏಪ್ರಿಲ್‌ನಿಂದಲೇ ಖಾಸಗಿ ಶಾಲೆಯ ಶಿಕ್ಷಕರೂ ಅದಕ್ಕೆ ಅರ್ಹರು ಅಂತ. ಪೇಪರಿನಲ್ಲಿ ಓದಿ ಲೆಕ್ಕ ಹಾಕಿದೆ. 2004ರ ಜೂನ್‌ನಿಂದ 2010ರ ಜನವರಿವರೆಗೆ ಐದು ವರ್ಷ ಏಳು ತಿಂಗಳು. ಆರು ತಿಂಗಳು ಮೀರಿದ್ದರಿಂದ ಕಾಯ್ದೆಯ ಲೆಕ್ಕದಲ್ಲಿ ಆರು ವರ್ಷ. ವರ್ಷಕ್ಕೆ 15 ದಿನದ ಪಗಾರ, ತಿಂಗಳನ್ನು 26 ದಿನಕ್ಕೆ ಹಿಡಿದು. ನೇಮಕಾತಿ ಪತ್ರ ಕೊಡದ, ಅಂಕಪಟ್ಟಿ ಇಟ್ಟುಕೊಂಡ ಆ ಶಾಲೆ ನನಗೆ ಕೊಡಬೇಕಾಗಿದ್ದದ್ದು 20,769 ರೂಪಾಯಿ.

ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಖಾಸಗಿ ಶಾಲೆಯಲ್ಲಿ ಐದು ವರ್ಷ ತುಂಬಿಸಿ ಬಿಟ್ಟ ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ, ನಾಳೆಯೇ ಅರ್ಜಿ ಬರೆಯಿರಿ.